ಒಂದೇ ಸಲ ಒತ್ತಿದ ಗಂಟೆ

ನಮ್ಮೂರಿನಲ್ಲಿ ದನಿ ಹೊಸಿಲು ದಾಟುವುದಿಲ್ಲ. ಮನೆಯೊಳಗೆ ನೀವು ಎಷ್ಟು ಬೇಕಾದರೂ ಕಿರುಚಾಡಿ, ಪಾತ್ರೆ ಎತ್ತಿ ಎಸೆಯಿರಿ, ಬಾಗಿಲಾಚೆ ನಿಂತವನಿಗೆ ಒಂದು ಪಿಸುಮಾತೂ ಕೇಳಿಸದು. ಹೊರಗಿನ ಸದ್ದೂ ಅಷ್ಟೇ, ಒಳಗೆ ಬರದು. ಅದಕ್ಕೇ ನಮ್ಮ ತರಕಾರಿಯವನು ಕೂಗುವುದಿಲ್ಲ; ಗಾಡಿಗೆ ಕನ್ನಡಿ ಕಟ್ಟಿಕೊಂಡು ಕಿಟಕಿ ಕಿಟಕಿಗೆ ಬಿಸಿಲು ಹೊಡೆಯುತ್ತಾನೆ. ಮಕ್ಕಳನ್ನು ಊಟಕ್ಕೆ ಕರೆಯಲು ತಾಯಂದಿರು ಟವೆಲ್ ಬೀಸುತ್ತಾರೆ. ಬೇರೆ ಊರಿಂದ ಬಂದ ಸೊಸೆಯಂದಿರು ಮೊದಮೊದಲು ಕಂಗಾಲಾಗುತ್ತಾರೆ. ಆಮೇಲೆ, ಅತ್ತೆ ಬೈದದ್ದು ಪಕ್ಕದ ಮನೆಗೆ ಕೇಳುವುದಿಲ್ಲವಲ್ಲ ಎಂಬ ಸುಖವೂ ಅವರಿಗೆ ಗೊತ್ತಾಗುತ್ತದೆ.

ದನಿ ದಾಟದಿದ್ದರೇನು, ತಂತಿ ದಾಟುತ್ತದೆ. ಪ್ರತಿ ಮನೆಯಲ್ಲೂ ಒಂದು ಗಂಟೆಪೆಟ್ಟಿಗೆ ಇದೆ. ಬೇಕಾದವರ ಮನೆ ನಂಬರು ತಿರುಗಿಸಿ ಗುಂಡಿ ಒತ್ತಿದರೆ ಅವರ ಪೆಟ್ಟಿಗೆಯಲ್ಲಿ ಗಂಟೆ ಬಾರಿಸುತ್ತದೆ, ಅವರು ಎತ್ತಿದರೆ ಮಾತು. ಊರಿನ ಅಷ್ಟೂ ತಂತಿಗಳು ಬಂದು ಸೇರುವುದು ಕರೆಮನೆಗೆ. ಅಲ್ಲಿ ಒಂದು ಸರ್ವರ್ ಇದೆ, ಆ ಸರ್ವರನ್ನು ಸಾಕುತ್ತಿದ್ದವಳು ವನಮಾಲ. ಸಾಕುತ್ತಿದ್ದವಳು ಅಂತ ಬೇಕೆಂದೇ ಅಂದೆ, ಹೆತ್ತ ಮಗುವಿಗೂ ಯಾರೂ ಅಷ್ಟು ನಿದ್ದೆಗೆಟ್ಟಿರಲಿಕ್ಕಿಲ್ಲ. ನಾನು ನಿಂಗರಾಜ, ತಂತಿಯವನು. ಕಂಬ ಹತ್ತುವುದು, ಇಳಿಯುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಕರೆ ಹೋಗದಿದ್ದರೆ ಸರ್ವರ್ ಕೆಟ್ಟಿದೆ ಅಂತ ಈ ಊರಲ್ಲಿ ಒಬ್ಬನೂ ಅನ್ನುವುದಿಲ್ಲ, ನಿಂಗರಾಜನ ತಂತಿ ಕೆಟ್ಟಿದೆ ಅನ್ನುತ್ತಾರೆ.

ಗಂಟೆ ಒತ್ತುವುದಕ್ಕೂ ನಮ್ಮಲ್ಲಿ ಒಂದು ಮರ್ಯಾದೆ ಇದೆ. ಒಂದು ಸಲ ಒತ್ತಬೇಕು, ಕಾಯಬೇಕು. ಎತ್ತಿದರೆ ಸರಿ, ಎತ್ತದಿದ್ದರೆ ಅವರಿಗೆ ಮಾತು ಬೇಡ ಎಂದು ತಿಳಿದು ಸುಮ್ಮನಾಗಬೇಕು. ಎರಡನೆಯ ಸಲ ಒತ್ತುವವರು ನಾಚಿಕೆ ಬಿಟ್ಟವರು. ಗಂಟೆಗೆ ಉತ್ತರ ಬರದೆ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಲ್ಲುವುದಂತೂ ಇಲ್ಲವೇ ಇಲ್ಲ. ಇನ್ನು ಜಗಳವಾದರೆ ದೊಡ್ಡವರೇ ಮೊದಲು ಒತ್ತಬೇಕು. ಚಿಕ್ಕವರು ಮುಂದಾದರೆ ಅವರ ದೊಡ್ಡತನ ಕಿತ್ತುಕೊಂಡ ಹಾಗೆ.

ಇಡೀ ಊರಲ್ಲಿ ಈ ಮರ್ಯಾದೆ ಮುರಿಯುತ್ತಿದ್ದವಳು ಒಬ್ಬಳೇ, ವನಮಾಲಳ ಅಕ್ಕ ಚಂಪಕ್ಕ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡು ಒಬ್ಬಳೇ ಇದ್ದಳು. ಊರಿಗೆಲ್ಲ ಒಂದೇ ಸಲ ಒತ್ತುವವಳು ತಂಗಿಗೆ ಮಾತ್ರ ಬಡಿದದ್ದೇ ಬಡಿದದ್ದು. ರವಿಕೆಗೆ ಹಸಿರು ದಾರ ಹಾಕಲೋ ನೀಲಿಯೋ, ಬೆಕ್ಕು ಇನ್ನೂ ಮನೆಗೆ ಬಂದಿಲ್ಲ, ನಿನ್ನೆ ನಿನ್ನ ಮುಖ ಯಾಕೆ ಬಾಡಿತ್ತು, ಹೀಗೆ. ವನಮಾಲ "ಅಯ್ಯೋ ರಾಮ" ಅನ್ನುತ್ತಲೇ ಎತ್ತುತ್ತಿದ್ದಳು. ತಾಯಿ ಇಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು, ಅಷ್ಟು ಸಲಿಗೆ ಇಲ್ಲದಿದ್ದರೆ ಹೇಗೆ?

ಒಂದು ದಿನ ವನಮಾಲ ಸರ್ವರಿನ ಹೊಟ್ಟೆ ಬಿಚ್ಚಿಟ್ಟುಕೊಂಡು, ಹಳೆಯ ವ್ಯವಸ್ಥೆ ತೆಗೆದು ಹೊಸದು ಕೂರಿಸುತ್ತಿದ್ದಳು. ಅರ್ಧಕ್ಕೆ ಬಿಟ್ಟರೆ ಊರಿಗೆ ಊರೇ ಮೂಕ. ಅಂಥ ಹೊತ್ತಿನಲ್ಲಿ ಚಂಪಕ್ಕನ ಗಂಟೆ. ಒಂದಲ್ಲ, ಎರಡಲ್ಲ. ಕೊನೆಗೆ ವನಮಾಲ ಎತ್ತಿದವಳೇ ಸಿಡಿದಳು.

"ಅಕ್ಕಾ, ನಿಂಗೆ ಮಾಡಕ್ಕೆ ಬೇರೆ ಕೆಲಸ ಇಲ್ವಾ? ನನ್ ತಲೆ ಯಾಕೆ ತಿಂತೀಯಾ? ಊರವ್ರೆಲ್ಲ ಒತ್ತಲ್ವಾ ಒಂದೇ ಸಲ? ನಿಜವಾಗ್ಲೂ ಬೇಕಾದಾಗ ಒಂದ್ ಸಲ ಒತ್ತು, ಎತ್ತೇ ಎತ್ತುತೀನಿ. ಸುಮ್ಸುಮ್ನೆ ಬಡೀಬೇಡ!"

"ಆಯ್ತಮ್ಮಾ" ಎಂದಳು ಚಂಪಕ್ಕ. ಅಷ್ಟೇ. ಆ ದಿನದಿಂದ ಗಂಟೆ ನಿಂತುಹೋಯಿತು.

ಎರಡು ದಿನ ವನಮಾಲಳಿಗೆ ಹಾಯೆನಿಸಿರಬೇಕು. ಆಮೇಲೆ ಶುರುವಾಯಿತು ನೋಡಿ ಸಂಕಟ. ಮಾತಿನ ಮಧ್ಯೆ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸುವಳು. ಅದಕ್ಕೆ ಧೂಳು ಕೂತಿದೆ ಅಂತ ದಿನಕ್ಕೆ ನಾಲ್ಕು ಸಲ ಒರೆಸುವಳು. "ನೀವೇ ಒಂದ್ಸಲ ಒತ್ತಿಬಿಡಿ ವನಮ್ಮ, ಯಾರು ನೋಡ್ತಾರೆ" ಎಂದೆ. "ಅವಳು ನೋಡ್ತಾಳಲ್ಲ ನಿಂಗರಾಜಣ್ಣ" ಎಂದಳು, "ಅವಳಾಗೇ ಒತ್ತಲಿ. ಒತ್ತಿದ ಮೇಲೆ ನಾನು ಕಾಲಿಗೆ ಬೀಳ್ತೀನಿ. ಮೊದ್ಲು ಒತ್ತಿ ಅವಳನ್ನ ಇನ್ನೂ ಸಣ್ಣವಳು ಮಾಡಲ್ಲ." ಹೀಗೆ ಬೇಸಿಗೆ ಕಳೆದು ಮಳೆಗಾಲವೂ ಮುಗಿಯಿತು.

ಅಷ್ಟರಲ್ಲಿ ಕರೆಮನೆಗೇ ಕುತ್ತು ಬಂತು. ಕೆರೆಯಾಚೆಯ ಹೊಸ ಬಡಾವಣೆಯ ಮನೆಗಳಿಗೆಲ್ಲ ತಂತಿ ಎಳೆದದ್ದೇ ತಡ, ಗಂಟೆಗಳು ತಡವಾಗಿ ಬಾರಿಸತೊಡಗಿದವು, ಮಾತು ತುಂಡು ತುಂಡಾಗಿ ಕೇಳತೊಡಗಿತು. ಅಧ್ಯಕ್ಷ ಗುರುಬಸಪ್ಪನವರು ಬಂದವರೇ ನನ್ನ ಮೇಲೆ ಹರಿಹಾಯ್ದರು. ನಾನು ಒಂದೊಂದೇ ಕಂಬ ಹತ್ತಿ ನೋಡಿದೆ. ತಂತಿಗೆ ಏನೂ ಆಗಿರಲಿಲ್ಲ. ಹಾಗಂತ ಹೇಳಿದರೆ ನಂಬಬೇಕಲ್ಲ ಪುಣ್ಯಾತ್ಮರು!

ವನಮಾಲ ಸರ್ವರಿನ ಮುಂದೆ ಕೂತು, ಪರದೆಯ ಮೇಲೆ ಅಂಕಿಗಳ ಒಂದು ಪಟ್ಟಿ ತೆಗೆದು ನನ್ನನ್ನೂ ಕರೆದಳು. ಅವಳು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದಿಷ್ಟು. ಸರ್ವರಿಗೆ ಒಂದು ನೆಟ್‌ವರ್ಕ್ ಕಾರ್ಡ್ ಇದೆ, ಅದು ಬಾಗಿಲು ಕಾಯುವ ಜವಾನನ ಹಾಗೆ. ಪ್ರತಿ ಕರೆ, ಮಾತಿನ ಪ್ರತಿ ತುಂಡು ಬಂದಾಗಲೂ ಒಳಗೆ ಕೆಲಸ ಮಾಡುತ್ತಿರುವ ಪ್ರೊಸೆಸರಿನ ಭುಜ ತಟ್ಟಿ ಒಂದು ಬಂತು ಅನ್ನುತ್ತದೆ. ಅದು ಕೈಲಿದ್ದ ಕೆಲಸ ಬಿಟ್ಟು, ಬಂದದ್ದನ್ನು ತೆಗೆದುಕೊಂಡು, ಮತ್ತೆ ಕೆಲಸಕ್ಕೆ ಕೂರಬೇಕು. ಹೀಗೆ ತಟ್ಟುವುದಕ್ಕೆ ಇಂಟರಪ್ಟ್ ಎಂದು ಹೆಸರು. ನಮ್ಮ ಸರ್ವರಿನಲ್ಲಿ ಪ್ರೊಸೆಸರುಗಳು ಎಂಟಿದ್ದವು, ತಟ್ಟುವುದೆಲ್ಲ ಮೊದಲನೆಯದಕ್ಕೇ.

"ನೋಡಿ, ಇದೊಂದು ಸಾಯ್ತಿದೆ, ಉಳಿದವು ಕಾಲು ಚಾಚ್ಕೊಂಡು ಕೂತಿವೆ" ಎಂದಳು.

"ಥೇಟ್ ನಮ್ಮ ಆಫೀಸಿನ ಥರಾನೇ ಬಿಡಿ" ಎಂದೆ. ಬಹಳ ದಿನದ ಮೇಲೆ ನಕ್ಕಳು.

ಆ ತಟ್ಟುವಿಕೆಯನ್ನು ಎಂಟಕ್ಕೂ ಹಂಚಿ ನೋಡಿದಳು. ಭಾರವೇನೋ ಇಳಿಯಿತು. ಆದರೆ ಒಂದೇ ಮನೆಯ ಮಾತನ್ನು ಒಂದೊಂದು ಪ್ರೊಸೆಸರ್ ಎತ್ತಿಕೊಂಡು, ಹಿಂದಿನದು ಮುಂದೆ ಮುಂದಿನದು ಹಿಂದೆ ಆಗಿಹೋಯಿತು. ಯಾರೋ ಬೀಗರಾಗಬೇಕಾದವರು ಮೊದಲು ನಿನ್ನೆಯ ಹುಳಿಯ ವಿಚಾರ, ಆಮೇಲೆ ಹುಡುಗಿಯ ಸಂಬಂಧದ ವಿಚಾರ ಕೇಳಿದ್ದರಂತೆ. ಸಂಬಂಧದ ಪ್ರಶ್ನೆಗೆ ಬಂದ ಉತ್ತರ, "ಹಳಸಿಹೋಗಿತ್ತು, ಬಚ್ಚಲಿಗೆ ಚೆಲ್ಲಿದ್ವಿ." ಆ ಜಗಳ ಬಿಡಿಸಲು ನಾನೇ ಹೋಗಬೇಕಾಯಿತು. ವನಮಾಲ ಎಲ್ಲವನ್ನೂ ಮೊದಲಿದ್ದ ಹಾಗೇ ಮಾಡಿ ತಲೆ ಮೇಲೆ ಕೈ ಹೊತ್ತು ಕೂತಳು.

ಇನ್ನೊಂದು ದಾರಿ ಇತ್ತು. ಒಂದೊಂದು ಕರೆಗೂ ತಟ್ಟಬೇಡ, ಒಂದಷ್ಟು ಕೂಡಿಸಿಟ್ಟುಕೊಂಡು ಒಟ್ಟಿಗೆ ತಟ್ಟು ಎಂದು ಕಾರ್ಡಿಗೇ ಬುದ್ಧಿ ಹೇಳುವುದು. ಅದಕ್ಕೆ ಎರಡು ಅಂಕಿ ಕೊಡಬೇಕು. ಎಷ್ಟು ಕರೆ ಕೂಡಿದರೆ ತಟ್ಟಬೇಕು ಎನ್ನುವುದು ಒಂದು. ಅಷ್ಟು ಕೂಡದಿದ್ದರೆ ಎಷ್ಟು ಹೊತ್ತು ಕಾದು ತಟ್ಟಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಯೋಚಿಸಿ ಒಂದು ಅಂಕಿ ಹಾಕಿದಳು. ಎರಡನೆಯದಕ್ಕೆ ಸೊನ್ನೆ ಹಾಕಿದಳು. "ಯಾರನ್ನೂ ಒಂದು ಕ್ಷಣವೂ ಕಾಯಿಸಬಾರ್ದು" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ ಸೊನ್ನೆ ಅದು, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅಂದು ಸಂಜೆ ಊರೆಲ್ಲ ಗಂಟೆ ಒತ್ತುವ ಗಿಜಿಗಿಜಿ ಹೊತ್ತಿನಲ್ಲಿ ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಎಂಥ ಚೆಂದ ಅಂತೀರಿ! ಒಂದು ಗಂಟೆಯೂ ತಡವಾಗಲಿಲ್ಲ, ಒಂದು ಮಾತೂ ತುಂಡಾಗಲಿಲ್ಲ. ಗುರುಬಸಪ್ಪನವರು ಸಭೆ ಸೇರಿಸಿ ವನಮಾಲಳಿಗೆ ಶಾಲು ಹೊದಿಸಿದರು. ನನಗೆ ಒಂದು ನಿಂಬೆಹಣ್ಣೂ ಸಿಗಲಿಲ್ಲ, ಅದಿರಲಿ. ಅವಳು ಶಾಲು ಹೊದ್ದು ನಿಂತು ಜನರ ನಡುವೆ ಹುಡುಕುತ್ತಿದ್ದಳು. ಚಂಪಕ್ಕ ಬಂದಿರಲಿಲ್ಲ.

ಅದಾದ ಮೇಲೆ ಊರಿನಲ್ಲಿ ಒಂದು ಥರದ ಮುನಿಸು ಹಬ್ಬಿತು. ಕಂಬದ ಮೇಲಿನಿಂದ ನನಗೆ ಕಾಣುತ್ತಿತ್ತು. ಒಬ್ಬರನ್ನೊಬ್ಬರು ಬಿಟ್ಟಿರದ ಗೆಳತಿಯರು ಮುಖ ತಿರುಗಿಸಿ ನಡೆಯುತ್ತಿದ್ದರು. ಔಷಧಿ ಅಂಗಡಿಯವನ ಜೊತೆ ಅರ್ಧ ಬೀದಿ ಮಾತು ಬಿಟ್ಟಿತ್ತು. ಯಾಕೆ ಎಂದರೆ ಯಾರೂ ಬಾಯಿ ಬಿಡರು. ನನ್ನ ಗಂಟೆಗೆ ಅವರು ಎತ್ತಲಿಲ್ಲ ಎಂದು ಹೇಳಿಕೊಳ್ಳುವುದು ತನ್ನ ಮರ್ಯಾದೆ ತಾನೇ ಕಳೆದುಕೊಂಡ ಹಾಗಲ್ಲವೇ? ಹಾಗಾಗಿ ಒಂದು ದೂರೂ ಕರೆಮನೆಗೆ ಬರಲಿಲ್ಲ. ತಂತಿಯವನನ್ನು ಬೈಯುವವರೂ ಇಲ್ಲದೆ ನಾನು ಆರಾಮಾಗಿದ್ದೆ.

ಒಂದು ಸಂಜೆ ನಾನು ಕರೆಮನೆಯ ಮೂಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ವನಮಾಲಳ ಪೆಟ್ಟಿಗೆಯ ಗಂಟೆ ಬಾರಿಸಿತು. ಮೇಲೆ ಮೂಡಿದ ಮನೆ ನಂಬರು ನೋಡಿದವಳೇ ಕುರ್ಚಿ ಬೀಳಿಸಿಕೊಂಡು ಎದ್ದಳು.

"ನಿಂಗರಾಜಣ್ಣಾ! ಅಕ್ಕ ಒತ್ತಿದಾಳೆ! ಅಕ್ಕ!"

ಎತ್ತಿದಳು. ಆ ಕಡೆ ಯಾರೂ ಇರಲಿಲ್ಲ. ಅವಳೇ ಒಂದು ಸಲ ತಿರುಗಿ ಒತ್ತಿದಳು. ಯಾರೂ ಎತ್ತಲಿಲ್ಲ. ಆದರೂ ಅವಳ ಮುಖದಲ್ಲಿ ಎಂಥ ಬೆಳಕು! "ಒಲೆ ಮೇಲೆ ಏನೋ ಇಟ್ಟು ಮರೆತಿರ್ತಾಳೆ, ಓಡಿಹೋಗಿರ್ತಾಳೆ" ಎಂದಳು. ಇನ್ನೊಂದು ಸಲ ಒತ್ತಿ ಅಂದರೆ ಕೇಳಲಿಲ್ಲ. "ಅವಳು ಮರ್ಯಾದೆಯಿಂದ ಒಂದೇ ಸಲ ಒತ್ತಿದಾಳೆ, ನಾನು ಬಡಿಯೋದಾ? ಒತ್ತಿದ ಮೇಲೆ ನಾನು ಹೋಗಬಹುದಲ್ಲ, ಬೆಳಿಗ್ಗೆ ಎದ್ದವಳೇ ಹೋಗ್ತೀನಿ." ಮನೆಗೆ ಹೋಗುವಾಗ ಅಂಗಡಿಯಲ್ಲಿ ರವಿಕೆ ಬಟ್ಟೆ ಕೊಂಡಳು. ಅಕ್ಕನ ಕೈಲಿ ಹೊಲಿಸಬೇಕಂತೆ. ಆ ಬಣ್ಣವೋ ಈ ಬಣ್ಣವೋ ಎಂದು ನನ್ನ ತಲೆ ತಿಂದಳು, ನಾನೂ ತಿನ್ನಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಹೋದವಳು ಹೋದಷ್ಟೇ ಬೇಗ ವಾಪಸು ಬಂದಳು. ಜೊತೆಗೆ ಚಂಪಕ್ಕನ ಪಕ್ಕದ ಮನೆಯ ಜೈನಬಿ. ಚಂಪಕ್ಕನ ಬಾಗಿಲಿಗೆ ಬೀಗ ಇತ್ತು.

"ಇವಳು ಏನೇನೋ ಹೇಳ್ತಿದಾಳೆ ನಿಂಗರಾಜಣ್ಣ. ಜೈನಬಿ, ಇನ್ನೊಂದ್ಸಲ ಹೇಳೇ, ಯಾವಾಗ ಒತ್ತಿದ್ಲು?"

"ಮಧ್ಯಾಹ್ನ, ಊಟ ಆದ ಕೂಡ್ಲೇ" ಎಂದಳು ಜೈನಬಿ. "ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ಮೈದುನ ಕಾರು ತಂದು ಹೊರಗೆ ನಿಂತಿದ್ದ. ಗಂಟಲಲ್ಲಿ ಗಡ್ಡೆ ಅಂತೆ, ದನಿಪೆಟ್ಟಿಗೆನೇ ತೆಗೀಬೇಕು ಅಂದಿದ್ರಂತೆ ಡಾಕ್ಟ್ರು. ಯಾರಿಗೂ ಹೇಳಿರ್ಲಿಲ್ಲ, ನಂಗೂ ಆಗ್ಲೇ ಗೊತ್ತಾಗಿದ್ದು. 'ನಾಳೆ ಬೆಳಿಗ್ಗೆ ಆಪರೇಷನ್ ಜೈನಬಿ, ಆಮೇಲೆ ಮಾತು ಬರಲ್ಲ. ನಮ್ಮ ವನಮಾಲನ ಹತ್ರ ಮಾತಾಡಿ ಹೊರಡ್ತೀನಿ' ಅಂದ್ಲು. ಒತ್ತಿ ಕೂತ್ಲು."

"ಆಮೇಲೆ?"

"ಆಮೇಲೇನು, ಕೂತೇ ಇದ್ಲು. ಪೆಟ್ಟಿಗೆ ಮೇಲೆ ಕೈ ಇಟ್ಕೊಂಡು. ಇನ್ನೊಂದ್ಸಲ ಒತ್ತಕ್ಕ ಅಂದೆ. 'ಬೇಡ, ಒಂದೇ ಸಲ ಒತ್ತು ಎತ್ತುತೀನಿ ಅಂದಿದಾಳೆ' ಅಂದ್ಲು. ನಾನಾದ್ರೂ ಒತ್ತುತೀನಿ ಅಂದ್ರೆ ಕೈ ಹಿಡ್ಕೊಂಡ್ಲು. ಮೈದುನ ಬಾಗಿಲಲ್ಲಿ ಎಷ್ಟು ಸಲ ಕೈ ಬೀಸಿದ್ನೋ. ಕೊನೆಗೆ ಎದ್ದು, 'ಇನ್ನೂ ಸಿಟ್ಟು ಇಳಿದಿಲ್ಲ ಅವಳಿಗೆ. ಇಳಿಯೋ ಹಾಗೆ ನಾನೇನು ಮಾಡಿದೀನಿ' ಅಂದು ಹೊರಟ್ಲು."

ವನಮಾಲ ಪೆಟ್ಟಿಗೆಯ ಕಡೆ ಕೈ ಮಾಡಿದಳು. "ನಂಗೆ ಬಂದಿದ್ದು ಸಂಜೆ" ಎಂದಳು. "ಸಂಜೆ ಕಣೇ ಜೈನಬಿ ನಂಗೆ ಬಂದಿದ್ದು. ನಾನು ಮಧ್ಯಾಹ್ನ ಇಲ್ಲೇ ಇದ್ದೆ, ಈ ಕುರ್ಚಿ ಬಿಟ್ಟು ಎದ್ದಿರ್ಲಿಲ್ಲ." ಅವಳು ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಪರೇಷನ್ ಮುಗಿದಿತ್ತು.

ಒಂದು ದಿನ ಅಲ್ಲಿದ್ದು ಬಂದಳು. ಚಂಪಕ್ಕ ಇನ್ನೂ ಮಂಪರಿನಲ್ಲಿದ್ದಳಂತೆ. "ಕಣ್ಣು ಬಿಟ್ಟಾಗ ಏನು ಹೇಳ್ಲಿ? ನಿನ್ನ ಗಂಟೆ ನಂಗೆ ಮುಟ್ಟಲಿಲ್ಲ ಅಂದ್ರೆ ಯಾಕೆ ಅಂತಾದ್ರೂ ಗೊತ್ತಿರ್ಬೇಕಲ್ಲ" ಎಂದು ಸರ್ವರಿನ ಮುಂದೆ ಕೂತಳು. ಊಟದ ನಂತರ ಊರು ತೂಕಡಿಸುವ ಹೊತ್ತಿಗೆ ನನ್ನನ್ನು ಚಂಪಕ್ಕನ ಮನೆಗೆ ಕಳಿಸಿದಳು. ಜೈನಬಿಯಿಂದ ಬೀಗದ ಕೈ ಇಸಿದುಕೊಂಡು ಒಳಗೆ ಹೋದೆ. ಕರೆಮನೆಗೆ ಒಂದು ಸಲ ಒತ್ತಿದೆ. ಕಾದೆ. ಮಷೀನಿನ ಮೇಲೆ ಅರ್ಧ ಹೊಲಿದ ಲಂಗ ಹಾಗೇ ಇತ್ತು. ಎತ್ತಲಿಲ್ಲ. ವನಮಾಲ ಎತ್ತುತ್ತಾಳೆ ಎಂದು ಖಂಡಿತವಾಗಿ ಗೊತ್ತಿದ್ದ ನನಗೇ, ಇವಳಿಗೇನಪ್ಪಾ ನನ್ನ ಮೇಲೆ ಸಿಟ್ಟು ಎಂದು ಒಂದು ಗಳಿಗೆ ಅನ್ನಿಸಿಬಿಟ್ಟಿತು ನೋಡಿ.

ವಾಪಸು ಬಂದೆ. ಅವಳ ಪೆಟ್ಟಿಗೆ ಇನ್ನೂ ಸುಮ್ಮನಿತ್ತು. ನಾನು ಬಂದು ನೀರು ಕುಡಿದು ಕೂತ ಮೇಲೆ, ಊರು ಎದ್ದು ಅಲ್ಲೊಂದು ಇಲ್ಲೊಂದು ಗಂಟೆ ಒತ್ತತೊಡಗಿದಾಗ, ಚಂಪಕ್ಕನ ಮನೆಯಿಂದ ನಾನು ಒತ್ತಿದ ಗಂಟೆ ಟಣಟಣ ಬಾರಿಸಿತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಕಾರಣ ಆ ಸೊನ್ನೆ. ಹೊತ್ತಿಗೆ ಸೊನ್ನೆ ಕೊಟ್ಟರೆ ಸ್ವಲ್ಪವೂ ಕಾಯಬೇಡ ಅಂತಲ್ಲ, ಹೊತ್ತನ್ನು ನೋಡಲೇಬೇಡ, ಬರೀ ಎಣಿಕೆ ನೋಡು ಎಂದು ಆ ಕಾರ್ಡು ತಿಳಿಯುತ್ತಿತ್ತು. ಗಿಜಿಗಿಜಿ ಸಂಜೆಯಲ್ಲಿ ಎಣಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುತ್ತಿತ್ತು. ಮಧ್ಯಾಹ್ನದ ಒಂಟಿ ಗಂಟೆ ಮಾತ್ರ, ಇನ್ನಷ್ಟು ಜನ ಒತ್ತುವವರೆಗೆ ಕಾರ್ಡಿನೊಳಗೇ ಕೂತಿರುತ್ತಿತ್ತು. ಬೇರೆ ಯಾವ ಊರಾಗಿದ್ದರೂ ಮೊದಲ ದಿನವೇ ಗೊತ್ತಾಗುತ್ತಿತ್ತು. ಜನ ಮತ್ತೆ ಮತ್ತೆ ಒತ್ತುತ್ತಿದ್ದರು, ಅದರಿಂದಲೇ ಎಣಿಕೆ ತುಂಬುತ್ತಿತ್ತು, ಇಲ್ಲವೇ ಕರೆಮನೆಗೆ ಬಂದು ಬೈಯುತ್ತಿದ್ದರು. ನಮ್ಮವರು ಒಂದು ಸಲ ಒತ್ತಿ, ಕಾದು, ನೊಂದುಕೊಂಡು ಸುಮ್ಮನಾದರು.

"ಹಿಂದಿನ ಥರಾ ಬಡಿದಿದ್ರೆ ಬಂದಿರೋದು ನಿಂಗರಾಜಣ್ಣ" ಎಂದಳು ವನಮಾಲ. "ನಾಲ್ಕು ಸಲ ಬಡಿದಿದ್ರೆ ಸಾಕಾಗಿತ್ತು. ಬಡೀಬೇಡ ಅಂದವಳು ನಾನೇ." ಸೊನ್ನೆ ಅಳಿಸಿ ಚಿಕ್ಕದೊಂದು ಅಂಕಿ ಹಾಕಿದಳು. ಒಂದು ಗಳಿಗೆಯ ಕೆಲಸ. ಆಮೇಲೆ ಸರ್ವರಿನ ಮೇಲೆ ತಲೆಯಿಟ್ಟು ಅತ್ತಳು.

ಗುರುಬಸಪ್ಪನವರು, "ಯಾಕಮ್ಮಾ ಇಲ್ಲದ್ದನ್ನ ಮೈಮೇಲೆ ಎಳ್ಕೋತೀರಿ, ಯಾರಿಗೂ ಗೊತ್ತೇ ಇಲ್ವಲ್ಲ" ಎಂದರು. ವನಮಾಲ ಕೇಳಲಿಲ್ಲ. ಒಂದೊಂದೇ ಮನೆಗೆ ಗಂಟೆ ಒತ್ತಿ ಹೇಳಿದಳು, ಮಧ್ಯಾಹ್ನದ ಗಂಟೆಗೆ ಯಾರಾದರೂ ಎತ್ತಿಲ್ಲದಿದ್ದರೆ ಅದು ಅವರ ಸಿಟ್ಟಲ್ಲ, ನನ್ನ ತಪ್ಪು ಎಂದು. ಕೆಲವರು ಬೈದರು. ಹೆಚ್ಚಿನವರಿಗೆ ಖುಷಿಯೇ ಆಯಿತು. ಮುಖ ತಿರುಗಿಸಿದ್ದ ಗೆಳತಿಯರು ಬೀದಿಯಲ್ಲೇ ಅಪ್ಪಿಕೊಂಡು ನಕ್ಕರು. ಊರಿನ ಮುನಿಸೆಲ್ಲ ಒಂದು ವಾರದಲ್ಲಿ ಕರಗಿತು, ಅವಳು ಮಾತ್ರ ಕರೆಮನೆಯಲ್ಲಿ ಯಾರ ಜೊತೆಗೂ ನಗದೆ ಕೂತಿರುತ್ತಿದ್ದಳು.

ಚಂಪಕ್ಕ ಊರಿಗೆ ಬಂದ ಮಧ್ಯಾಹ್ನ ನಾನೂ ಹೋಗಿದ್ದೆ, ಅವಳ ಮಂಚದ ಪಕ್ಕಕ್ಕೆ ಗಂಟೆಪೆಟ್ಟಿಗೆ ಸರಿಸಿಕೊಡಲು. ಕುತ್ತಿಗೆಗೆ ಬಿಳಿ ಪಟ್ಟಿ, ಮೈ ಅರ್ಧ ಇಳಿದಿತ್ತು. ವನಮಾಲ ಕಾಲಬಳಿ ಕೂತು ಕಾರ್ಡು, ಸೊನ್ನೆ, ಎಣಿಕೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಚಂಪಕ್ಕನಿಗೆ ಅದೆಲ್ಲ ಎಷ್ಟು ಅರ್ಥವಾಯಿತೋ. ಎತ್ತಬಾರದೆಂದು ತಂಗಿ ಕೂತಿರಲಿಲ್ಲ ಎನ್ನುವುದು ಅರ್ಥವಾಯಿತು. ಅವಳ ಕಣ್ಣಲ್ಲಿ ನೀರು ಇಳಿಯಿತು, ತಂಗಿಯ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು, ಅದೇ ಕೆನ್ನೆ ಸವರಿದಳು.

"ಏನು ಹೇಳ್ಬೇಕು ಅಂತಿದ್ದೆ ಅಕ್ಕಾ ಆವತ್ತು?" ವನಮಾಲ ಸ್ಲೇಟು ಮುಂದೆ ಹಿಡಿದಳು. ಚಂಪಕ್ಕ ಬಳಪ ಹಿಡಿದು ತುಂಬ ಹೊತ್ತು ಯೋಚಿಸಿದಳು. ಆಮೇಲೆ ಏನೂ ಇಲ್ಲವೆಂದು ಕೈ ಅಲ್ಲಾಡಿಸಿದಳು. ಮತ್ತೆ ಕೇಳಿದರೆ ಬರೆದದ್ದು ಇಷ್ಟೇ: ನೀನು ಮಾತಾಡು.

ವನಮಾಲ ಮಾತಾಡಿದಳು. ಏನು ಮಾತು ಅಂತೀರಿ, ಹಾಲಿನವನು ನೀರು ಬೆರೆಸುವುದು, ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ದಾರಿಯುದ್ದಕ್ಕೂ ಗೊರಕೆ ಹೊಡೆದದ್ದು. ಪ್ರತಿ ಮಾತಿನ ಕೊನೆಗೂ ಸ್ವಲ್ಪ ನಿಲ್ಲುತ್ತಿದ್ದಳು. ಚಿಕ್ಕಂದಿನಿಂದಲೂ ಅಕ್ಕ ಅಲ್ಲಿ ಹೂಂ ಅನ್ನುತ್ತಿದ್ದಳಲ್ಲ, ಆ ಜಾಗದಲ್ಲಿ. ಹೂಂ ಬರುತ್ತಿರಲಿಲ್ಲ. ಇವಳು ಮುಂದಿನ ಮಾತು ಶುರು ಮಾಡುವಳು. ಒಮ್ಮೆ ಹಾಗೆ ನಿಂತಾಗ, ಇದ್ದದ್ದೆಲ್ಲ ಮರೆತು, ಬಾಯಿ ತಪ್ಪಿ ಕೇಳಿಬಿಟ್ಟಳು, "ಅಕ್ಕಾ, ಕೇಳ್ತಿದೀಯಾ?"

ನಾನು ತಿರುಪು ಬಿಗಿಯುತ್ತಿದ್ದವನು ಕೈ ನಿಲ್ಲಿಸಿದೆ. ಚಂಪಕ್ಕನ ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಅವಳು ಜೋರಾಗಿ ತಲೆಯಾಡಿಸಿದಳು, ತಂಗಿಯ ಕೈ ಹಿಡಿದು ಅಲುಗಿಸಿ ಮತ್ತೆ ಆಡಿಸಿದಳು. ವನಮಾಲ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎಲ್ಲಿಗೆ ನಿಲ್ಲಿಸಿದ್ದೆ? ಹ್ಞಾ, ಆ ಹೆಂಗಸು..." ಎಂದು ಮುಂದುವರಿಸಿದಳು.